ಉಗುರಿನ ಬುಡದ ರಕ್ತ

ಬೆಂಚಿನ ಮೇಲೆ ಹರಡಿದ ಬಿಳಿಯ ಟವೆಲು. ಅದರ ನಡುವೆ ಕತ್ತರಿಸಿ ಬಿದ್ದ ಉಗುರುಗಳು, ಯಾವ ಆಕಾಶಕ್ಕೂ ಬೇಡವಾದ ಪುಟ್ಟ ಪುಟ್ಟ ಚಂದ್ರರಂತೆ. ಪಕ್ಕದಲ್ಲಿ ಬಾಯ್ದೆರೆದು ಮಲಗಿದ ನೇಲ್ ಕಟರ್. ಇನ್ನೂ ಯಾರೂ ಇಳಿಯದ ಕೊಳದ ಬೆಳಕು ಕಿಟಕಿಯಿಂದ ಬಂದು ಗೋಡೆಯ ಮೇಲೆ ಅಲುಗದೆ ನಿಂತಿದೆ. ಟವೆಲಿನ ಅಂಚಿನಲ್ಲಿ ಸಾಸಿವೆಯಷ್ಟು ಕೆಂಪು.

ಅಂತರರಾಷ್ಟ್ರೀಯ ಕ್ರೀಡಾಕೂಟದ ಮಹಿಳಾ ವಾಟರ್ ಪೋಲೊ ಸೆಮಿಫೈನಲ್ಲಿನ ಬೆಳಗು ಅದು. ನೀರಿಗಿಳಿಯುವ ಮುನ್ನ ರೆಫರಿ ಒಬ್ಬೊಬ್ಬರ ಉಗುರನ್ನೂ ಸವರಿ ನೋಡುತ್ತಾರೆ, ಚೂಪಾಗಿದ್ದರೆ ಬಿಡುವುದಿಲ್ಲ. ಹಾಗಾಗಿ ಎಲ್ಲರಿಗಿಂತ ಹಿರಿಯಳಾದ, ಎಲ್ಲರೂ ದೊಡ್ಡಕ್ಕನೆಂದು ಕರೆಯುವ ಆಟಗಾರ್ತಿಯೇ ತಂಡದವರ ಉಗುರು ಕತ್ತರಿಸುವುದು ರೂಢಿ. ಗೋಲಿನೆದುರು ಎದುರಾಳಿಯನ್ನು ತಡೆಯುವ ಜಾಗ ಬಹುಕಾಲ ಅವಳದಾಗಿತ್ತು. ಈ ಸಲ ಅದು ಚೂಟಿ ಎಂಬ ಅಡ್ಡಹೆಸರಿನ ಹುಡುಗಿಯ ಪಾಲಾಗಿ, ದೊಡ್ಡಕ್ಕ ಬೆಂಚಿಗೆ ಸರಿದಿದ್ದಳು.

ಚೂಟಿಯ ಉಂಗುರಬೆರಳಿಗೆ ಬರುವಾಗ ದೊಡ್ಡಕ್ಕನ ಕೈ ಜಾರಿ, ಉಗುರಿನ ಬುಡದಲ್ಲಿ ರಕ್ತ ಜಿನುಗಿತು.

"ಅಕ್ಕಾ, ಉಗುರು ತಗೊಂಡು ಬೆರಳು ವಾಪಸ್ ಕೊಡು. ಚೆಂಡು ಹಿಡೀಬೇಕು."

"ಇವಳ ನಾಲಿಗೆ ಕತ್ತರಿಸು ದೊಡ್ಡಕ್ಕ, ಅದೇ ಜಾಸ್ತಿ ಬೆಳೆದಿರೋದು," ಎಂದಳು ಗೋಲ್‌ಕೀಪರ್.

ಎಲ್ಲರೂ ನಕ್ಕರು. ಸಣ್ಣ ಗಾಯಗಳನ್ನು ಮುಚ್ಚುವ ಅಂಟು ಆಚೆ ಕೋಣೆಯ ಫಿಸಿಯೋ ಬಳಿಯಿತ್ತು. ನೀರಿನಲ್ಲಿ ನೆನೆದರೆ ಇಂಥ ಗಾಯ ಮತ್ತೆ ಬಾಯಿ ಬಿಡುತ್ತದೆಂದೂ, ರಕ್ತ ಕಂಡರೆ ರೆಫರಿ ಆಟಗಾರ್ತಿಯನ್ನು ಹೊರಗೆ ಕಳಿಸುತ್ತಾರೆಂದೂ ದೊಡ್ಡಕ್ಕನಷ್ಟು ಬಲ್ಲವರು ಅಲ್ಲಿರಲಿಲ್ಲ.

"ಏನಾಗಲ್ಲ ಬಿಡು, ನಿಂತುಹೋಗುತ್ತೆ," ಎಂದಳು ದೊಡ್ಡಕ್ಕ.

ಪಂದ್ಯದ ಕೊನೆಯ ಪಾಳಿಯಲ್ಲಿ ಗಾಯ ಬಾಯಿ ಬಿಟ್ಟಿತು, ರೆಫರಿ ಸೀಟಿ ಊದಿದರು. ಚೂಟಿ ಹೊರಬಂದಳು, ದೊಡ್ಡಕ್ಕ ಧುಮುಕಿದಳು. ಎದುರಾಳಿಯ ಕೊನೆಯ ಹೊಡೆತ ಅವಳ ತೋಳಿಗೆ ಬಡಿದು ಹಿಂತಿರುಗಿತು. ತಂಡ ಫೈನಲ್ ಸೇರಿತು.

ಸಂಜೆ ಇಬ್ಬರೂ ಹಂಚಿಕೊಂಡಿದ್ದ ಕೋಣೆಯಲ್ಲಿ ಚೂಟಿ ಬೆರಳಿನ ಪಟ್ಟಿಯನ್ನು ತಿರುತಿರುಗಿಸಿ ನೋಡುತ್ತಿದ್ದಳು.

"ಕೋಚ್ ಚೆನ್ನಾಗಿ ಉಗಿದ್ರು ಅಕ್ಕ. ಬೆರಳೊಂದನ್ನ ನೋಡ್ಕೊಳ್ಳೋಕಾಗದವಳು ಗೋಲು ಏನು ಕಾಯ್ತೀಯಾ ಅಂದ್ರು. ನಾಳೆ ನೀನೇ ಆಡೋದಂತೆ." ತುಸು ತಡೆದು ಸೇರಿಸಿದಳು: "ನನ್ನ ತಪ್ಪೇ. ಅಂಟು ಹಾಕಿಸ್ಕೋಬೇಕಿತ್ತು."

ಹೊಗಳಿಕೆಯನ್ನು ಇಡೀ ದಿನ ನುಂಗಿದ್ದ ದೊಡ್ಡಕ್ಕನಿಗೆ ಆ ತಪ್ಪೊಪ್ಪಿಗೆ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

"ಅಂಟಿನ ನೆನಪು ನನಗೆ ಆಗಲೇ ಬಂದಿತ್ತು ಕಣೇ. ಬೇಕಂತಲೇ ಹೇಳಲಿಲ್ಲ."

ಚೂಟಿ ನಗಲು ಹೋದಳು, ನಗು ಬರಲಿಲ್ಲ.

"ಕೈ ಜಾರಿದ್ದು?"

"ಅದು ನಿಜವಾಗ್ಲೂ ಜಾರಿತು. ಬಾಯಿ ಜಾರದ ಹಾಗೆ ನೋಡ್ಕೊಂಡೆ."

ಗೋಡೆಯಾಚೆ ಯಾರದೋ ನಲ್ಲಿ ಸುರಿಯುತ್ತಿತ್ತು. ಚೂಟಿ ಬೆರಳಿನ ಪಟ್ಟಿಯ ಬಿಚ್ಚಿದ ಅಂಚನ್ನು ಒತ್ತಿ ಅಂಟಿಸಿದಳು.

"ರೆಫರಿ ಸೀಟಿ ಊದೋಕೆ ಮುಂಚೆನೇ ನೀನು ಬೆಂಚಿಂದ ಎದ್ದು ನಿಂತಿದ್ದೆ. ನೀರೊಳಗಿಂದ ನೋಡ್ದೆ. ನನಗೆ ಧೈರ್ಯ ಹೇಳೋಕೆ ಎದ್ದಿದ್ದೀಯ ಅಂದ್ಕೊಂಡೆ."

ದೊಡ್ಡಕ್ಕನಿಗೆ ತಾನು ಎದ್ದದ್ದು ನೆನಪಿರಲಿಲ್ಲ. ಆದರೆ ಇಲ್ಲವೆನ್ನಲಾಗಲಿಲ್ಲ: ಕಾಲುಗಳು ಆ ಸೀಟಿಗಾಗಿಯೇ ಕಾಯುತ್ತಿದ್ದವು, ಮನಸ್ಸಿಗಿಂತ ಪ್ರಾಮಾಣಿಕವಾಗಿ.

"ಕೋಚಿಗೆ ಹೇಳಿಬರ್ತೀನಿ. ನಾಳೆ ನೀನು ಆಡು."

"ಹೇಳಿದ್ರೆ ನಿನ್ನನ್ನ ಬೆಂಚಿಗೂ ಸೇರಿಸಲ್ಲ. ಇದೇ ನಿನ್ನ ಕೊನೇ ಕೂಟ ಅಂತಿದ್ದೆಯಲ್ಲ."

"ಗೊತ್ತು."

ಚೂಟಿಯಿಂದ ಬೇಡವೆಂಬ ಒಂದು ಮಾತಿಗಾಗಿ ಅವಳು ಚಪ್ಪಲಿ ಮೆಟ್ಟುವುದನ್ನು ನಿಧಾನಿಸಿದಳು. ನಿಧಾನಿಸಿದ್ದು ತನಗೇ ತಿಳಿದು ನಾಚಿದಳು. ಚೂಟಿ ಮುಖ ತಿರುಗಿಸಿ ಕೂತಿದ್ದಳು. ದೊಡ್ಡಕ್ಕ ಕೋಚ್ ಕೋಣೆಗೆಂದು ಹೊರಗೆ ಹೆಜ್ಜೆಯಿಟ್ಟಳು. ಅವಳ ಹಿಂದೆ ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು.