ಬೋಟಿನ ಹೊಟ್ಟ್ಯಾಗ ಹೊಸ ನೀರು

ಬೋಟು ದಂಡಿ ಬಿಟ್ಟು ನಾಕು ಮಾರು ಹೋಗಿರಲಿಲ್ಲ, ಇಂಜಿನ್ ಕೆಮ್ಮಿತು, ಬಿಳಿ ಹೊಗಿ ಕಾರಿತು, ಗಪ್ಪಾತು. ದೇವಕಮ್ಮ ಹ್ಯಾಂಡಲ್ ಹಾಕಿ ತಿರುವಿದ್ಲು. ಊಹುಂ. ರಟ್ಟಿ ಬೀಳೂ ಹಂಗ ತಿರುವಿದ್ಲು. ಅದರಪ್ಪನಾಣಿ ಮಾತಾಡಲಿಲ್ಲ. ಕಡಿಗೆ ಹೆಂಗಸರು ಗಳ ಊರಿ ಬೋಟನ್ನ ಮತ್ತ ದಂಡಿಗೇ ತಂದು ಹಗ್ಗ ಕಟ್ಟಿದ್ರು.

ತನ್ನ ದೋಣಿಗೆ ಒರಗಿ ಕುಂತಿದ್ದ ಪಂಪಣ್ಣ ಬಾಯಾಗಿನ ಎಲಿ ಉಗುಳಿ ನಕ್ಕ. "ಕುಣೀಲಾರದಾಕಿ ಅಂಗಳ ಡೊಂಕು ಅಂದ್ಲಂತ! ಈಗ ಇಂಜಿನ್ ಡೊಂಕೈತಿ ಅನ್ರಿ ಮತ್ತ."

ನಗದೇ ಏನ್ ಮಾಡ್ಯಾನು? ಇಷ್ಟು ವರ್ಷ ಕೃಷ್ಣಾ ಹೊಳಿ ದಾಟಿಸಾಂವ ಅವನೊಬ್ಬನೇ. ಮೊದಲು ಗಂಡಸರು ಹತ್ತಬೇಕು, ಗೊಬ್ಬರದ ಚೀಲ ಹತ್ತಬೇಕು, ಸೈಕಲ್ ಹತ್ತಬೇಕು. ಆಮ್ಯಾಲ ಜಾಗ ಉಳಿದ್ರ ಕೂಲಿ ಹೆಣ್ಣುಮಕ್ಕಳು. ಕಾಲುವಿಗೆ ನೀರು ಬಂದು ಸುರಪುರದ ಸೀಮಿಗೆಲ್ಲಾ ನೆಲ್ಲು ಹಚ್ಚೂ ಕೆಲಸ ಬಂತು ಖರೆ, ಆದ್ರ ಪಂಪಣ್ಣನ ದೋಣಿ ಕಾದು ಕಾದು ಆಚಿ ದಂಡಿ ಕೆಲಸ ಕಂಡವರ ಪಾಲಾಗ್ತಿತ್ತು. ಸಾಕಾಗಿ ದೇವಕಮ್ಮನ ಗುಂಪಿನ ಹೆಂಗಸರು ಸಂಘ ಕಟ್ಟಿ ಒಂದು ಹಳೇ ಬೋಟು ತಂದ್ರು. ಸುರಪುರದ ಮೆಕ್ಯಾನಿಕ್ ನಸೀರುದ್ದೀನ ಅದಕ್ಕ ಪಂಪಸೆಟ್ಟಿನ ಡೀಸೆಲ್ ಇಂಜಿನ್ ಕೂಡಿಸಿ ಕೊಟ್ಟ. ಗಂಡನ ಪಂಪಸೆಟ್ ನಡೆಸಿ ಕೈ ಪಳಗಿದ್ದ ದೇವಕಮ್ಮನೇ ಡ್ರೈವರ್.

ಇವತ್ತು ಬೋಟಿನ ಮೊದಲನೇ ಸವಾರಿ. ಆಚಿ ದಂಡ್ಯಾಗ ಹೊಲ ಇದ್ದ ಮಲ್ಲಣ್ಣ ಸಾಹುಕಾರ ಕಡ್ಡಿ ಮುರದಂಗ ಹೇಳಿದ್ದ: "ಹೊತ್ತು ನೆತ್ತಿಗೆ ಬರೂದ್ರಾಗ ಹೊಲಕ್ಕ ಇಳಿದ್ರಿ ಅಂದ್ರ ಈ ಹಂಗಾಮಿನ ಕೆಲಸೆಲ್ಲಾ ನಿಮ್ಮದು. ಇಲ್ಲಂದ್ರ ನಮ್ಮ ದಂಡಿ ಗುಂಪಿನ್ನ ಕರೀತೀನಿ, ಆಮ್ಯಾಲ ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ." ಬೋಟಿನ ಮುಂದಿನ ತುದ್ಯಾಗ ನಸುಕಿನಾಗ ಕಿತ್ತ ಸಸಿಯ ಕಟ್ಟು ಒಟ್ಟಿದ್ದವು. ಆ ಸಸಿ ಬಿಸಲಿಗೆ ಬಾಡಿತು ಅಂದ್ರ ಇವರ ಹಂಗಾಮೇ ಬಾಡಿತು.

ದೇವಕಮ್ಮ ಟ್ಯಾಂಕಿನ ಪೈಪ್ ಬಿಚ್ಚಿ ಗಾಜಿನ ಬಾಟಲಿಗೆ ಒಂದಿಷ್ಟು ಡೀಸೆಲ್ ಹಿಡಿದು ಬಿಸಲಿಗೆ ಎತ್ತಿದ್ಲು. ಮ್ಯಾಲ ಡೀಸೆಲ್, ಅದರ ಕೆಳಗ ನೀರು, ತಳದಾಗ ಕರೀ ರಾಡಿ. ಹಳೇ ಟ್ಯಾಂಕು, ರಾಡಿ ಇರೂದ ಸೈ. ನೀರು ಎಲ್ಲಿಂದ ಬಂತು? ರಾಡಿಯೊಳಗ ಕೆಂಪಗ ಏನೋ ಕಂಡಿತು. ಬೆರಳಿಗೆ ಹಚ್ಚಿಕೊಂಡು ತಿಕ್ಕಿ ನೋಡಿದ್ಲು. ಕುಂಕುಮ!

ಎಲ್ಲರ ಕಣ್ಣೂ ದೇವಕಮ್ಮನ ಅತ್ತಿ ಬಸ್ಸಮ್ಮನ ಮ್ಯಾಲ ಬಿದ್ದವು. ಮುದುಕಿ ಕೈಯಾಗ ತಾಮ್ರದ ಚೊಂಬು ಹಿಡಕೊಂಡು ದಂಡಿಮ್ಯಾಲ ನಿಂತಿದ್ಲು. ಆ ಊರಾಗ ಒಂದು ಪದ್ಧತಿ ಇತ್ತು. ಕಾಲುವಿಗೆ ವರ್ಷದ ಹೊಸ ನೀರು ಬಂತಂದ್ರ ಒಂದು ಚೊಂಬು ತುಂಬಿ, ಕುಂಕುಮ ಕಲಸಿ, ಅನ್ನ ಕೊಡೂ ಸಾಮಾನಿನ ಮ್ಯಾಲೆಲ್ಲಾ ಹನಿಸೂದು. ಕೂರಿಗಿಗೆ, ಕುಡಗೋಲಿಗೆ, ಹೊಲಿಗಿ ಮಿಷನ್ನಿಗೂ.

"ಅತ್ತೀ, ಖರೆ ಹೇಳು. ಎಲ್ಲಿ ಹಾಕಿದಿ ನೀರು?"

"ಎಲ್ಲಾದಕ್ಕೂ ಮೈಮ್ಯಾಲೇ ಹನಿಸಿದ್ನೆವ್ವಾ," ಅಂದ್ಲು ಬಸ್ಸಮ್ಮ. "ಇದು ನಮ್ಮ ಮನಿಗೆ ಹೊಸದಾಗಿ ಬಂದ ಕೂಸು. ಅದರ ಹೊಟ್ಟಿ ತಂಪಿರಲಿ ಅಂತ ಮುಚ್ಚಳ ತಗದು ಬಾಯಾಗೇ ಹಾಕಿದೆ. ಪೂರಾ ಚೊಂಬು."

"ಯಾ ಅಲ್ಲಾ!" ಅಂತ ಗುಂಪಿನ ಶರೀಫಾಬೀ ಹಣಿ ಹಣಿ ಬಡಕೊಂಡ್ಲು. ಪಂಪಣ್ಣಂತೂ ಹೊಟ್ಟಿ ಹಿಡಕೊಂಡು ಉಳ್ಳಾಡಿಬಿಟ್ಟ. ದೇವಕಮ್ಮಗ ಸಿಟ್ಟು ನೆತ್ತಿಗೇರಿತು. ಬಾಯಿತನಕ ಬಂದಿದ್ದ ಬೈಗಳ ಸಣ್ಣವಲ್ಲ. ಆದ್ರ ಅತ್ತಿ ಮುಖ ನೋಡಿದ್ಲು. ಕಣ್ಣಾಗ ನೀರು ತಂದುಕೊಂಡು, ಚೊಂಬು ಸೆರಗಿನಾಗ ಮುಚ್ಚಿಕೊಂಡು ನಿಂತಿದ್ಲು ಮುದುಕಿ. ಇದನ್ನ ಬೈದು ಏನು ಪುಣ್ಯ ಕಟ್ಟಿಕೊಳ್ಳಲಿ?

"ಹಾಕಿದ್ದು ಹಾಕಿದಿ. ಈಗ ತಗೀಬೇಕು. ಸೆರಗು ಕಟ್ಟು, ಬೋಟು ಹತ್ತು."

ಟ್ಯಾಂಕಿನ ಹಿಂದಿನ ಮೂಲ್ಯಾಗ, ತಳಕ್ಕ, ಖಾಲಿ ಮಾಡೂ ಬೋಲ್ಟ್ ಇತ್ತು. ದೇವಕಮ್ಮ ಕೆಳಗ ಬಕೀಟು ಹಿಡಿದು ಬಿಚ್ಚಿದ್ಲು. ಒಂದು ಗುಟುಕು ನೀರು ಬಂತು, ಅದರ ಬೆನ್ನಿಗೆ ಬರೇ ಡೀಸೆಲ್. ಬೆರಳಿಲೆ ತೂತು ಒತ್ತಿ ಹಿಡಿದ್ಲು. ಸಸಿ ಭಾರಕ್ಕ ಬೋಟಿನ ಮೂತಿ ಮುಂದಕ್ಕ ಬಗ್ಗಿತ್ತು. ನೀರು ರಾಡಿ ಎಲ್ಲಾ ಟ್ಯಾಂಕಿನ ಮುಂದಿನ ಮೂಲಿಗೆ ಸರದು ಕುಂತಿದ್ವು. ಟ್ಯಾಂಕ್ ಎತ್ತಿ ವಾಲಿಸೂಣಂದ್ರ ಅದನ್ನ ಹಲಗಿಗೆ ಬಿಗಿದುಬಿಟ್ಟಾರ.

"ಟ್ಯಾಂಕ್ ವಾಲಂಗಿಲ್ಲಂದ್ರ ಬೋಟೇ ವಾಲಲಿ," ಅಂದ್ಲು ದೇವಕಮ್ಮ. "ಎಲ್ಲಾರೂ ಹಿಂದಕ್ಕ ಬರ್ರಿ!"

ಬರ್ರಿ ಅಂದದ್ದೇ ತಡ, ಶರೀಫಾಬೀ ಸಂಗಾಟ ನಾಕೈದು ಮಂದಿ ದಡದಡ ಓಡಿ ಬಂದ್ರು. ಬೋಟು ಒಂದು ಮಗ್ಗಲಿಗೆ ಹೊರಳಿ ಹೊಳಿನೀರು ಒಳಗ ನುಗ್ಗಿತು. ಕಿಟಾರಂತ ಕಿರಿಚಿದ್ರು.

"ಮುಳುಗ್ರಿ, ಮುಳುಗ್ರಿ!" ಅಂತ ದಂಡಿಮ್ಯಾಲಿಂದ ಪಂಪಣ್ಣ.

"ನಿಲ್ರೇ, ಜೀವ ತಗೀತೀರೇನು?" ದೇವಕಮ್ಮ ಒದರಿದ್ಲು. "ನೆಲ್ಲು ಹಚ್ಚೂವಾಗ ಹಿಂಗ ಓಡ್ತೀರೇನು? ಹೆಂಗ ಸರೀತೀರಿ ಗದ್ದ್ಯಾಗ?"

ಅಷ್ಟು ಸಾಕಾತು. ನೆಲ್ಲು ಹಚ್ಚಾವರು ಹಿಮ್ಮುಖ ನಡಿಯಾವರು. ಸಾಲು ಹಿಡಿದು, ಬಗ್ಗಿ, ಎಲ್ಲಾರೂ ಒಂದೇ ಸಲ ಒಂದು ಹೆಜ್ಜಿ ಹಿಂದಕ್ಕ. ಹೆಂಗಸರು ಬೋಟಿನ ಮುಂದಿನ ತುದ್ಯಾಗ ಅಡ್ಡಸಾಲು ಹಿಡಿದ್ರು. ಶರೀಫಾಬೀ ಹಾಡು ಎತ್ತಿದ್ಲು. ಒಂದು ಸೊಲ್ಲಿಗೆ ಒಂದು ಹೆಜ್ಜಿ. ಬೋಟು ಆ ಕಡಿ ಈ ಕಡಿ ಅಲುಗಲಿಲ್ಲ, ಮೂತಿ ಮಾತ್ರ ಸಾವಕಾಶ ಮ್ಯಾಲೆದ್ದಿತು, ಹಿಂದಿನ ತುದಿ ಕೆಳಗಿಳೀತು.

ಟ್ಯಾಂಕಿನೊಳಗ ಗುಳುಗುಳು ಅಂತು, ದೇವಕಮ್ಮ ಬೆರಳು ತಗದ್ಲು. ಬಂತು ನೋಡ್ರಿ! ಮೊದಲು ಕುಂಕುಮದ ನೀರು, ಅದರ ಬೆನ್ನಿಗೆ ಕಾಡಿಗಿಯಂಥಾ ಗಟ್ಟಿ ರಾಡಿ, ಲೊಚಕ್ ಲೊಚಕ್ ಅಂತ ಬಕೀಟಿಗೆ ಬಿತ್ತು. ಹಾಡು ಹೇಳಾವರಿಗೆ ನಗಿ ತಡಿಯಾಕಾಗಲಿಲ್ಲ.

ಪಂಪಣ್ಣಗ ಮಾತ್ರ ಈಗ ನಗಿ ಬರಲಿಲ್ಲ. ಲಗುಬಗಿ ಎದ್ದು ದೋಣಿ ಬಿಚ್ಚಿದ. "ನೀವು ಟ್ಯಾಂಕ್ ತೊಳಕೋತ ಕುಂಡ್ರಿ. ಇವತ್ತ ನೀವು ಬರೂದಿಲ್ಲಂತ ನಾ ಹೋಗಿ ಸಾಹುಕಾರಗ ಹೇಳ್ತೀನಿ," ಅಂತ ಹುಟ್ಟು ಹಾಕ್ಕೋತ ಹೋದ.

"ಅವನ ಬಾಯಿ ನೋಡಬ್ಯಾಡ್ರಿ, ಕೈ ನಡಸ್ರಿ," ಅಂದ್ಲು ದೇವಕಮ್ಮ. ಉಳಿದ ಡೀಸೆಲ್ ಕೊಡಕ್ಕ ಇಳಿಸಿದ್ರು. ಟ್ಯಾಂಕಿನ ಗ್ವಾಡಿಗೆ ರಾಡಿ ಇನ್ನೂ ಮೆತ್ತಿಕೊಂಡಿತ್ತು. ಬಾಯಿ ಸಣ್ಣದು, ಯಾರ ಕೈಯೂ ಹಿಡಿಸಲಿಲ್ಲ. ಬಸ್ಸಮ್ಮ ಬಳಿ ತಗದಿಟ್ಟು, ತನ್ನ ಕಡ್ಡಿಯಂಥಾ ಕೈಗೆ ಅರಿವಿ ಸುತ್ತಿ, ಮೊಣಕೈತನಕ ತೂರಿಸಿದ್ಲು. ಗಡಗಿ ಬೆಳಗಿದಂಗ ಮೂಲಿ ಮೂಲಿ ಒರಸಿದ್ಲು. ಒರಸೂವಾಗ ಅಕಿ ತುಟಿ ಅಲುಗಾಕತ್ತಿದ್ವು, ಯಾವ ದೇವರ ಹೆಸರೋ ಏನೋ.

ಬೋಲ್ಟ್ ಬಿಗಿದ್ರು. ಕೊಡದ ತಳದ್ದು ಬಿಟ್ಟು ಮ್ಯಾಲಿನ ಡೀಸೆಲ್ಲನ್ನ ನಾಕು ಪದರಿನ ಅರಿವ್ಯಾಗ ಸೋಸಿ ಟ್ಯಾಂಕಿಗೆ ಹಾಕಿದ್ರು. ದೇವಕಮ್ಮ ಪೈಪಿನಾಗಿನ ಗಾಳಿ ತಗದ್ಲು. ಗುಳ್ಳಿ ಬರೂದು ನಿಂತು ಡೀಸೆಲ್ ಸಳಸಳ ಹರದಿಂದ ಹ್ಯಾಂಡಲ್ಲಿಗೆ ಕೈ ಹಾಕಿದ್ಲು. ಸಸಿ ತುದಿ ಆಗಲೇ ಬಗ್ಗಿದ್ವು.

ಒಂದು ಸುತ್ತು. ಎರಡು. ಢಗ್... ಢಗ್... ಢಗಢಗಢಗ!

ಹೆಂಗಸರು ಹಾಕಿದ ಕೇಕಿಗೆ ದಂಡಿಮ್ಯಾಲಿನ ಕೊಕ್ಕರಿ ಎದ್ದು ಹಾರಿದ್ವು. ಬಸ್ಸಮ್ಮ ಇಂಜಿನ್ನಿಗೆ ಎರಡೂ ಕೈಯಿಂದ ದೃಷ್ಟಿ ತಗದು ನೆಟಿಗಿ ಮುರದ್ಲು.

ನಡುಹೊಳ್ಯಾಗ ಪಂಪಣ್ಣ ಸೆಳವಿಗೆ ಸಿಕ್ಕು ಹುಟ್ಟು ಬಡಿಯಾಕತ್ತಿದ್ದ. ಬೋಟು ಅವನ ಮಗ್ಗಲದಿಂದ ಹೋತು. "ಯಣ್ಣಾ, ಸಾಹುಕಾರಗ ಏನರ ಹೇಳೂದೈತೇನು? ನಾವೇ ಹೇಳ್ತೀವಿ!" ಅಂತ ಶರೀಫಾಬೀ ಕೂಗಿದ್ಲು. ಅವ ಇನ್ನಷ್ಟು ಜೋರಲೆ ಹುಟ್ಟು ಬಡಿದ.

ಸೆಳವು ಅವನ್ನ ಬಾಳ ಕೆಳಗ ಒಯ್ದು ದಂಡಿಗೆ ಹಾಕ್ತು. ಆ ಇಂಜಿನ್ ದಂಡಿ ಮುಟ್ಟೂದ್ರಾಗ ಮತ್ತ ಕೆಟ್ಟಿರತೈತಿ ಅಂತ ಅವನ ಲೆಕ್ಕ. ಅಲ್ಲಿಂದ ಕೆಸರು ತುಳಕೋತ ನಡಕೊಂಡು ಮಲ್ಲಣ್ಣನ ಹೊಲಕ್ಕ ಬಂದ. ಉಸಿರು ಸುದ್ದಾ ಸರಿ ಬಿಡದೇ, ಹೊಲದ ಕಡಿ ನೋಡದೇ, "ಸಾಹುಕಾರ್ರ, ಆ ಹೆಂಗಸರು ಇವತ್ತ ಬರೂದಿಲ್ರಿ," ಅಂದ.

ಮಲ್ಲಣ್ಣ ಅವನ್ನ ಒಮ್ಮಿ ನೋಡಿದ, ಆಮ್ಯಾಲ ಹೊಲ ನೋಡಿದ. ಅಲ್ಲಿ ಹೆಂಗಸರು ಸಾಲು ಹಿಡಿದು ಹಿಂದಕ್ಕ ಹಿಂದಕ್ಕ ಸರಿಯಾಕತ್ತಿದ್ರು, ಅವರ ಮುಂದ ಹಸರು ಬೆಳೀತಿತ್ತು. ಹೊತ್ತು ಇನ್ನೂ ನೆತ್ತಿಗೆ ಬಂದಿರಲಿಲ್ಲ.

"ಹೌದೇನು?" ಅಂದ ಮಲ್ಲಣ್ಣ. "ಹಂಗಾದ್ರ ಈ ಹಂಗಾಮು ಮುಗಿಯೂತನಕ ಇವರೇ ಹಿಂಗ ಬರದೇ ಇರಲಿ ಬಿಡು."

ಬದುವಿನ ಮ್ಯಾಲ ಕುಂತಿದ್ದ ಬಸ್ಸಮ್ಮ ಎದ್ದು ಬಂದ್ಲು. ಮೊಣಕೈತನಕ ಕೈ ಇನ್ನೂ ಕರ್ರಗಿತ್ತು. ಆ ಕೈಯಿಂದಲೇ ತಾಮ್ರದ ಚೊಂಬು ಮುಂದ ಹಿಡಿದ್ಲು.

"ಬಾಳ ಬೆವತೀಯಪಾ ಪಂಪಣ್ಣ. ತಗೋ, ಹೊಸ ನೀರು. ಹೊಟ್ಟಿ ತಂಪು ಮಾಡಿಕೋ."