ಧಣಿಯ ಕೋಟು, ಮಗನ ಕೈ

ಅಮೆರಿಕದ ದಕ್ಷಿಣ ಸೀಮೆಯ ನಾಚೆಜ್‌ನ ಹತ್ತಿ ತೋಟದ ಧಣಿ ಬ್ಯಾಸ್ಕಮ್‌ಗೆ ತನ್ನ ಮೋರೆಯನ್ನು ಎಣ್ಣೆಬಣ್ಣದಲ್ಲಿ ಬರೆಸಿಕೊಳ್ಳುವ ಚಪಲ ಹತ್ತಿತು. ಉತ್ತರದ ಬಾಸ್ಟನ್‌ನಿಂದ ಚಿತ್ರಕಾರ ಬಂದ. ಧಣಿಗೋ ಅಲುಗಾಡದೆ ಅರೆಗಳಿಗೆ ಕೂರಲಾಗದು. ವಿಸ್ಕಿ ಕುಡಿದು ಕುಡಿದು ಕೈ ನಡುಗುತ್ತಿತ್ತು. ಮುಖವಷ್ಟೇ ಬರೆಸಿಕೊಂಡು ಎದ್ದವನು ಮಿಕ್ಕಿದ್ದಕ್ಕೆ ತನ್ನ ಕೋಟು ತೊಡಿಸಿ ಆಳೊಬ್ಬನನ್ನು ಕೂರಿಸಿದ.

ಆ ಆಳು ಐಸಮ್, ಮನೆಗೆಲಸದ ಗುಲಾಮ ಹೆಂಗಸು ಡಾರ್ಕಸ್‌ಳ ಒಬ್ಬನೇ ಮಗ. ಅವನಪ್ಪ ಯಾರೆಂಬುದು ತೋಟದ ಹೇಸರಗತ್ತೆಗಳಿಗೂ ಗೊತ್ತಿತ್ತು. ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಳ್ಳುವುದೇ ಆ ಸೀಮೆಯ ಮರ್ಯಾದೆ. ಥೂ, ಅದೂ ಒಂದು ಮರ್ಯಾದೆ! ಹತ್ತಿ ತುಂಬಿದ ಕೊಟ್ಟಿಗೆಯಲ್ಲಿ ತನ್ನ ಬಾಯಿ ಒತ್ತಿಹಿಡಿದಿದ್ದ ಆ ಬೆವರು ಅಂಗೈ ನೆನೆದರೆ ಡಾರ್ಕಸ್ ಈಗಲೂ ತೋಳಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದಳು.

ಉತ್ತರದ ಚಿತ್ರಕಾರನಿಗೆ ಈ ಮರ್ಯಾದೆ ಎಲ್ಲಿ ಗೊತ್ತು? ಚಿತ್ರ ತೋರಿಸುವಾಗ ಧಣಿಯ ಹೆಂಡತಿ ಲವೀನಿಯಾಳೆದುರೇ ಹಲ್ಲು ಕಿರಿದ.

“ಕೆಲಸ ಸಲೀಸಾಯ್ತು ಅಮ್ಮಾವ್ರೇ! ಈ ಆಳಿನ ಭುಜ, ಕತ್ತು, ಕೈ, ಎಲ್ಲಾ ನಿಮ್ಮ ಯಜಮಾನರ ಪಡಿಯಚ್ಚು. ಬಣ್ಣ ಒಂಚೂರು ತಿಳಿ ಮಾಡಿದೆ, ಅಷ್ಟೇ.”

ಲವೀನಿಯಾಳ ಬೀಸಣಿಗೆ ನಿಂತಿತು. ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಡಾರ್ಕಸ್ ಅದನ್ನು ಕಂಡಳು. ಸಂಜೆ ಹೋಗಿ ಒಡತಿಯ ಕಾಲು ಹಿಡಿದಳು.

“ಅವನನ್ನ ಹೊಲಕ್ಕೆ ಹಾಕಿ ತಾಯೀ, ನಿಮ್ಮ ಕಣ್ಣಿಗೇ ಬೀಳ್ದಂಗೆ ಇರ್ತಾನೆ. ಮಾರ್ಬೇಡಿ!”

“ಚಿತ್ರ ಸುಡೋಣ ಅಂದ್ರೆ ಯಜಮಾನರಿಗೆ ಅದು ಪ್ರಾಣ ಕಣೇ. ಎರಡರಲ್ಲಿ ಒಂದು ಈ ಮನೆ ಬಿಟ್ಟು ಹೋಗ್ಲೇಬೇಕಲ್ಲ,” ಎಂದಳು ಲವೀನಿಯಾ, ಉಗುರು ನೋಡಿಕೊಳ್ಳುತ್ತ.

ರಾತ್ರಿ ಊಟದಲ್ಲಿ ಹೆಂಡತಿ ಐಸಮ್‌ನನ್ನು ಮಾರುವ ಮಾತೆತ್ತಿದಾಗ ಧಣಿ ಹಂದಿತೊಡೆ ಕಡಿಯುತ್ತಲೇ ಹೂಂಗುಟ್ಟಿದ. ಸ್ವಂತ ಮಗನನ್ನು ಮಾರುವವನ ಗಂಟಲಲ್ಲಿ ತುತ್ತು ಸಲೀಸಾಗಿ ಇಳಿಯಿತು. ಮುಂದಿನ ಹಡಗಿನಲ್ಲಿ ಐಸಮ್‌ನನ್ನು ನ್ಯೂ ಆರ್ಲಿಯನ್ಸ್‌ನ ಗುಲಾಮರ ಸಂತೆಗೆ ಸಾಗಿಸಿದರು.

ಚಿತ್ರ ಊಟದ ಕೋಣೆಯ ಗೋಡೆ ಏರಿತು. “ಏನ್ ಕೈ ರೀ ಅವು! ಹುಟ್ಟು ದೊಡ್ಡಮನುಷ್ಯರ ಕೈ,” ಎಂದು ನೆಂಟರು ಹೊಗಳಿದರೆ ಧಣಿ ಮೀಸೆ ತಿರುವುತ್ತಿದ್ದ. ದೂಳು ಒರೆಸುವುದು ಡಾರ್ಕಸ್‌ಳ ಪಾಲಿಗೆ ಬಂತು. ಅವಳು ದಿನವೂ ಆ ಎರಡು ಕೈಗಳನ್ನಷ್ಟೇ ಮೆಲ್ಲಗೆ ಒರೆಸುತ್ತಿದ್ದಳು. ಮುಖದ ಮೇಲೆ ದೂಳು ಕೂತಿತು, ನೊಣದ ಹಿಕ್ಕೆ ಕೂತಿತು.

“ಮುಖ ಗಲೀಜಾಗಿದೆ, ಕಾಣಲ್ವೇನೇ ಮೂದೇವಿ?” ಒಂದು ದಿನ ಲವೀನಿಯಾ ಬಾಗಿಲಲ್ಲಿ ನಿಂತು ಅರಚಿದಳು.

ಚಾಟಿಯ ನೆನಪಾಯಿತು ಡಾರ್ಕಸ್‌ಗೆ. ಬೀಳಲಿ, ಮಾರಲು ಇನ್ನು ಯಾರಿದ್ದಾರೆ?

“ಒರೆಸ್ತೀನಿ ಅಮ್ಮಾವ್ರೇ,” ಎಂದಳು. ಧಣಿಯ ಮೋರೆಗೆ ಕ್ಯಾಕರಿಸಿ ಉಗಿದಳು. ಆಮೇಲೆ ಬಟ್ಟೆ ಎತ್ತಿಕೊಂಡಳು.