ಬಲೂನಿನ ದಾರ

ಕಿಟಕಿಯ ಮೇಲ್ತುದಿಯಲ್ಲಿ ಒಂದು ಮೋಡ, ಉಗುರಿನಿಂದ ಗೀರಿದ ಹಾಗೆ ತೆಳು, ನಾಳೆ ಸಂಜೆಯೊಳಗೆ ಮಳೆ ಬಂದರೂ ಬಂದೀತು ಎಂದುಕೊಳ್ಳುತ್ತಾಳೆ ಅವಳು, ಅಭ್ಯಾಸ, ಕೆಲಸ ಹೋದರೂ ಅದು ಹೋಗುವುದಿಲ್ಲವಲ್ಲ — ಕಾಲೇಜಿನ ವೇದಿಕೆ, ಅವಳ ಹಿಂದಿನ ಪರದೆಯಲ್ಲಿ ದಪ್ಪ ಅಕ್ಷರ, ವಾತಾವರಣ ವಿಜ್ಞಾನಿಗಳಿಗೆ ಉದ್ಯೋಗಾವಕಾಶ, ಕೆಳಗೆ ಅವಳ ಹುದ್ದೆ, ಈ ತಿಂಗಳ ಕೊನೆಯವರೆಗೆ ಮಾತ್ರ ನಿಜವಾಗಿರುವ ಹುದ್ದೆ, ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಲ್ಲಿ ಬಿತ್ತಂತೆ, ನಗು ಬರುತ್ತದೆ, ನುಂಗಿಕೊಳ್ಳುತ್ತಾಳೆ. ಅನುದಾನ ಬಂದ್ರೆ ಮೊದಲು ನಿಮ್ಮನ್ನೇ ಕರೀತೀವಿ ಮೇಡಂ, ಹವಾಮಾನ ಕಚೇರಿಯ ನಿರ್ದೇಶಕರು ಪಾಪ ಕಣ್ಣು ತಪ್ಪಿಸಿ ಹೇಳಿದ್ದರು, ಮನೆಯಲ್ಲಿ ಇನ್ನೂ ಯಾರಿಗೂ ಗೊತ್ತಿಲ್ಲ, ಗೊತ್ತಿದ್ದರೆ ಅಕ್ಕ ಮಗಳನ್ನು ಇಲ್ಲಿಗೆ ಕಳಿಸುತ್ತಿದ್ದಳೇ, ನಿನ್ನ ಮಾತು ಅಂದ್ರೆ ಅವಳಿಗೆ ವೇದವಾಕ್ಯ ಕಣೇ, ನೋಡ್ಕೊಂಡು ಹೇಳು. ಅಗೋ ಎರಡನೆಯ ಸಾಲಿನಲ್ಲಿ ಕೂತಿದ್ದಾಳೆ, ನಾಳೆಯೇ ಪದವಿಗೆ ವಿಷಯ ಆರಿಸಿಕೊಳ್ಳಬೇಕು — ವಿಮಾನ ನಿಲ್ದಾಣಗಳಿಗೆ ಬೇಕು, ಗಾಳಿ ವಿದ್ಯುತ್ತಿನವರಿಗೆ ಬೇಕು, ವಿಮೆ ಕಂಪನಿಗಳಿಗೂ ಬೇಕು, ಬಾಯಿ ತನ್ನಷ್ಟಕ್ಕೆ ಓದುತ್ತಿದೆ, ಸುಳ್ಳೇನಲ್ಲ, ಒಂದು ಜಾಗಕ್ಕೆ ಎಷ್ಟು ಜನ ಕಾಯುತ್ತಾರೆ ಎನ್ನುವುದನ್ನು ಮಾತ್ರ ಹಾಳೆಯಲ್ಲಿ ಬರೆದಿಲ್ಲ.

ಇದೇ ಹುಡುಗಿ, ಮುಂದಿನ ಹಲ್ಲು ಬಿದ್ದಿದ್ದ ವಯಸ್ಸು, ಕಚೇರಿಯ ತಾರಸಿ, ಬಿಳಿ ಬಲೂನು ಗಾಳಿಯಲ್ಲಿ ಉಬ್ಬಿ ಎಳೆಯುತ್ತಿದೆ, ದಾರಕ್ಕೆ ತೂಗುಬಿದ್ದ, ಮೇಲಿನ ಗಾಳಿ ಅಳೆಯುವ ಪುಟ್ಟ ಪೆಟ್ಟಿಗೆ, ಬಿಡು ಪುಟ್ಟಾ ಈಗ, ಬಿಡಲೇ ಇಲ್ಲ, ಬಿಟ್ರೆ ವಾಪಸ್ ಬರುತ್ತಾ ಚಿಕ್ಕಮ್ಮಾ, ಇಲ್ಲ, ಮೇಲೆ ಹೋಗಿ ಒಡೆಯುತ್ತೆ, ಅಲ್ಲೀವರೆಗೂ ಸುದ್ದಿ ಕಳಿಸ್ತಾ ಇರುತ್ತೆ, ಮತ್ತೆ ಆಮೇಲೆ, ಆಮೇಲೆ ನಾಳೆ ಇನ್ನೊಂದು — ಬಿಗಿದು ಬೆಳ್ಳಗಾದ ಆ ಮುಷ್ಟಿ, ಈಗ ಅವಳಿಗೆ ಹೇಗೆ ಮೋಸ ಮಾಡುವುದು, ನೀರು ಕುಡಿಯುತ್ತಾಳೆ, ಹಾಳೆ ಮಡಿಸುತ್ತಾಳೆ, ಒಂದು ಮಾತು ಬಿಟ್ಟುಹೋಯ್ತು, ನನ್ನ ಕೆಲಸ ಈ ತಿಂಗಳಿಗೆ ಮುಗೀತು, ಮುಂದೆ ಏನು ಅಂತ ನನಗೇ ಗೊತ್ತಿಲ್ಲ, ಹೇಳಿಬಿಟ್ಟಳೇ, ಹೇಳಿಬಿಟ್ಟಳು, ಎದೆ ಹಗುರ, ಪ್ರಾಂಶುಪಾಲರು ಕೆಮ್ಮುತ್ತಾರೆ.

ಎರಡನೆಯ ಸಾಲಿನಲ್ಲಿ ಹುಡುಗಿ ಎದ್ದು ನಿಂತಿದ್ದಾಳೆ, ಅಷ್ಟು ಜನರ ನಡುವೆ ಮೇಡಂ ಎನ್ನುವುದನ್ನೂ ಮರೆತು, ಹಾಗಾದ್ರೆ ಬೇಡ ಅಂತೀರಾ ಚಿಕ್ಕಮ್ಮಾ. ಬೇಡ ಎನ್ನಬೇಕು, ನೋಡಿಕೊಂಡು ಹೇಳುತ್ತೇನೆಂದು ಅಕ್ಕನಿಗೆ ಕೊಟ್ಟ ಮಾತಿದೆ, ಬೇಡ ಎಂದರೆ ಮುಗಿಯಿತು, ಮಡಿಸಿದ ಹಾಳೆಯನ್ನು ಮತ್ತೆ ಬಿಡಿಸುತ್ತಾಳೆ — ತಾರಸಿ, ಬಿಳಿ ಬಲೂನು, ದಾರ ಮೇಲಕ್ಕೆ ಜಗ್ಗುತ್ತಿದೆ, ಬೆಳ್ಳಗಾದ ಮುಷ್ಟಿ, ಹುಡುಗಿ ಬಿಡಲಿಲ್ಲ ಎಂದೇ ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಳಲ್ಲ, ಆದರೆ ಆ ಪುಟ್ಟ ಮುಷ್ಟಿಯ ಮೇಲೆ ಇನ್ನೊಂದು ಕೈ ಇತ್ತು, ದೊಡ್ಡ ಕೈ, ತನ್ನದೇ, ಅದೂ ದಾರವನ್ನು ಬಿಗಿಯಾಗಿ ಹಿಡಿದಿತ್ತು